ತಾಸೆಯವನಿಗೆ ಬಂದೂಕು ಕೊಟ್ಟರು

ಸೈಲಾನನ ಮೇಲೆ ಒಂದು ದಿನ ಗುಂಡು ಹಾರುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವನ ಹೆಂಡತಿ ಗಾಲಿಯಾ ನಕ್ಕುಬಿಡುತ್ತಿದ್ದಳು. ಈ ಕಣಿವೆಯಲ್ಲಿ ಯಾರ ಮೇಲೆ ಗುಂಡು ಹಾರಿಲ್ಲ ಹೇಳಿ? ಊರ ಯಜಮಾನ ಶೇಖ್ ಮುಜಲ್ಲಿಯ ಮೇಲೆ ಹಾರಿದೆ, ಅವನ ಅಣ್ಣನ ಮೇಲೆ ಹಾರಿದೆ, ನೀರಿನ ಸರದಿಗೆ ಕಿತ್ತಾಡಿದ ಷಡ್ಡಕರ ನಡುವೆ ಹಾರಿದೆ. ಆದರೆ ತಾಸೆ ಬಾರಿಸುವವನ ಮೇಲೆ? ಅದು ಹೆಂಗಸಿನ ಮೇಲೆ ಗುಂಡು ಹಾರಿಸಿದ ಹಾಗೆ. ಅಂಥವನ ಮುಖವನ್ನು ಹೆತ್ತ ತಾಯಿಯೂ ನೋಡುವುದಿಲ್ಲ.

ಸೈಲಾನ ಸಿನ್ವಾನ್ ಊರಿನ ತಾಸೆಯವನು. ಅವನ ಅಪ್ಪ, ಅಜ್ಜ ಎಲ್ಲರೂ ತಾಸೆಯವರೇ. ಊರಿನ ತಲೆಗಳನ್ನು ಬೋಳಿಸುವವನು ಅವನು, ಗಂಡುಮಕ್ಕಳಿಗೆ ಸುನ್ನತಿ ಮಾಡುವವನು ಅವನು, ಮದುವೆಗೆ ಕುರಿ ಕುಯ್ದು ಬೇಯಿಸುವವನು ಅವನು, ಸತ್ತ ಸುದ್ದಿ ಸಾರುವವನೂ ಅವನೇ. ಉಳಿದವರು ಕಬೀಲಿಗಳು. ಕಬೀಲಿ ಎಂದರೆ ಹೊಲ, ಬಂದೂಕು, ಪಂಚಾಯಿತಿಯಲ್ಲಿ ಮಾತು, ಈ ಮೂರೂ ಇದ್ದವನು. ತಾಸೆಯವರಿಗೆ ಮೂರೂ ಇಲ್ಲ. ತಾನೇ ಬೇಯಿಸಿದ ಊಟವನ್ನು ಸೈಲಾನ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಜಾಗದಲ್ಲಿ ಕುಳಿತು ಉಣ್ಣುತ್ತಿದ್ದ. ಅವನ ಮನೆಯ ಹೆಣ್ಣನ್ನು ಕಬೀಲಿ ತರುವುದಿಲ್ಲ, ಕಬೀಲಿಯ ಹೆಣ್ಣನ್ನು ಅವನಿಗೆ ಕೊಡುವುದಿಲ್ಲ. ಇಷ್ಟೆಲ್ಲ ಕಿತ್ತುಕೊಂಡವರು ಬದಲಿಗೆ ಒಂದೇ ಒಂದನ್ನು ಕೊಟ್ಟಿದ್ದರು: ಆಯುಧ ಹಿಡಿಯದ ಅವನು ಎಲ್ಲರ ರಕ್ಷಣೆಯಲ್ಲಿರುವವನು, ಅವನನ್ನು ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಅದು ಕಪ್ಪು ಕಳಂಕ. ತಪ್ಪು ಮಾಡಿದ ಊರು ಎತ್ತುಗಳನ್ನು ಹೊಡೆದುಕೊಂಡು ಬಂದು, ಅವನ ಮನೆಬಾಗಿಲಲ್ಲಿ ಕುಯ್ದು, ಬರಿದಲೆಯಲ್ಲಿ ನಿಂತು ‘ತಪ್ಪಾಯಿತು’ ಎಂದು ಎಲ್ಲರ ಕಿವಿಗೆ ಬೀಳುವಂತೆ ಹೇಳಬೇಕು.

ಹಾಗಾಗಿ ಎರಡು ಊರುಗಳ ನಡುವೆ ಗುಂಡು ಹಾರುವಾಗ ಹೆಣ ಎತ್ತಲು ನಡುವಿನ ಒಣ ಹೊಳೆಯ ಪಾತ್ರಕ್ಕೆ ಇಳಿಯಬಲ್ಲವನು ಅವನೊಬ್ಬನೇ. ಮದುವೆಯಾದ ಹೊಸದರಲ್ಲಿ, ಎದುರು ದಿಬ್ಬದ ಹಜ್ರಾ ಊರಿನವರ ಜೊತೆ ಬಾವಿಯ ವಿಷಯಕ್ಕೆ ಜಗಳವಾದಾಗ, ಸೈಲಾನ ಕೊರಳಿಗೆ ತಾಸೆ ನೇತುಹಾಕಿಕೊಂಡು ಹೊರಟಿದ್ದ. ಗಾಲಿಯಾ ಮಾಳಿಗೆಯ ಮೇಲೆ ನಿಂತು ನಡುಗುತ್ತಿದ್ದಳು. ತಾಸೆಯ ನಿಧಾನದ ಏಟು ಕೇಳಿದ್ದೇ ತಡ, ಎರಡೂ ಕಡೆಯ ಬಂದೂಕು ನಿಂತವು. ಸತ್ತವರನ್ನು ಅವರವರಿಗೆ ಒಪ್ಪಿಸಿ, ಹಜ್ರಾದವರು ಕೊಟ್ಟ ಖರ್ಜೂರವನ್ನು ಬಾಯಲ್ಲಿಟ್ಟುಕೊಂಡು ಶೇಖ್‌ನ ಕೆಮ್ಮನ್ನು ಅಣಕಿಸುತ್ತಾ ಅವನು ಮನೆಗೆ ಬಂದಿದ್ದ. ಆಮೇಲೆ ಅವಳು ಹೆದರುವುದನ್ನೇ ಬಿಟ್ಟಳು.

ಸೈಲಾನ ಉದ್ದ ಆಳು, ಮೀಸೆಯ ಮೇಲೆ ಬಹಳ ಪ್ರೀತಿ. ಊರಿನವರ ಮೀಸೆಗಿಂತ ತನ್ನದಕ್ಕೇ ಹೆಚ್ಚು ಎಣ್ಣೆ ಸುರಿಯುತ್ತಿದ್ದ. ನಗಿಸುವುದರಲ್ಲಿ ಎತ್ತಿದ ಕೈ. ಆದರೆ ಅವನೊಳಗೆ ಒಂದು ಆಸೆ ಕೂತಿತ್ತು, ಅದು ಗಾಲಿಯಾಗೆ ಮಾತ್ರ ಗೊತ್ತು. ಮದುವೆ ಮೆರವಣಿಗೆಯಲ್ಲಿ ಕಬೀಲಿಗಳು ಗಾಳಿಯಲ್ಲಿ ಗುಂಡು ಹಾರಿಸುವಾಗ ಇವನ ಕೈ ತಾಸೆಯ ಮೇಲಿದ್ದರೂ ಕಣ್ಣು ಬಂದೂಕಿನ ಮೇಲಿರುತ್ತಿತ್ತು. ಅವರಿಬ್ಬರ ಮದುವೆಯಲ್ಲಿ ಒಂದು ಗುಂಡೂ ಹಾರಿರಲಿಲ್ಲ, ತಾಸೆಯವರ ಮದುವೆಯಲ್ಲಿ ಹಾರುವುದಿಲ್ಲ. ತನ್ನ ಮದುವೆಗೆ ತಾನೇ ತಾಸೆ ಬಾರಿಸಿಕೊಂಡ ಮದುಮಗ ಅವನು! ಅದನ್ನು ತಮಾಷೆಯಾಗಿ ಹೇಳುತ್ತಿದ್ದ, ಆದರೆ ಹೇಳುವಾಗ ಅವಳ ಮುಖ ನೋಡುತ್ತಿರಲಿಲ್ಲ.

ಆಮೇಲೆ ಯುದ್ಧ ಬಂತು. ನಿನ್ನೆ ಮೊನ್ನೆಯವರೆಗೆ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಹಳೇ ಸೈನ್ಯದವರೂ ಗುಡ್ಡದ ಹೋರಾಟಗಾರರೂ ರಾಜಧಾನಿಯಲ್ಲಿ ತಬ್ಬಿಕೊಂಡರು. ಹೊರದೇಶದ ವಿಮಾನಗಳು ಇಬ್ಬರ ಮೇಲೂ ಬಾಂಬು ಹಾಕುತ್ತಿದ್ದವಲ್ಲ, ಅದಕ್ಕೆ ಹುಟ್ಟಿದ ಪ್ರೀತಿ ಅದು. ಸೈನ್ಯದ ಗೋದಾಮುಗಳ ಬಾಗಿಲು ತೆರೆಯಿತು. ಮೊದಲೆಲ್ಲ ಬಂದೂಕು ಎಂದರೆ ಆಸ್ತಿ; ತಾಯಿಯ ಔಷಧಿಗೋ ಮಗಳ ಮದುವೆಗೋ ಕಣ್ಣೀರು ಹಾಕಿಕೊಂಡು ಮಾರುವಂಥದ್ದು. ಈಗ ಗುರುವಾರದ ಸಂತೆಯಲ್ಲಿ ಟೊಮೆಟೊ ಗುಡ್ಡೆಯ ಪಕ್ಕದಲ್ಲೇ ಬಂದೂಕಿನ ಗುಡ್ಡೆ ಬಿತ್ತು. ಈರುಳ್ಳಿ ಮಾರುವವನು ತನ್ನ ತಾರ್ಪಾಲಿಗೆ ಆಸರೆಯಾಗಿ ರಾಕೆಟ್ ಹಾರಿಸುವ ಕೊಳವೆ ನಿಲ್ಲಿಸಿದ್ದನ್ನು ಗಾಲಿಯಾ ಕಣ್ಣಾರೆ ಕಂಡಳು. ಜನ ಅದರ ಕೆಳಗೆ ಬಗ್ಗಿ ಈರುಳ್ಳಿ ಆರಿಸುತ್ತಿದ್ದರು. ಅವಳಿಗೆ ಆಶ್ಚರ್ಯವಾದದ್ದು ಕೊಳವೆಯನ್ನು ಕಂಡಾಗಲ್ಲ, ತಾನೂ ಬಗ್ಗಿ ಆರಿಸಿದ್ದನ್ನು ಮನೆಗೆ ಬಂದು ನೆನೆದಾಗ.

ಶೇಖ್‌ನ ಮಗ ಜುಬ್ರಾನ ರಾಜಧಾನಿಯಲ್ಲಿ ಓದಿ ಬಂದವನು, ಇನ್ನೂ ಮದುವೆಯಾಗದ ಹುಡುಗ. ಕಣಿವೆಯ ಹೊಸ ಪಡೆಗೆ ಅವನೇ ನಾಯಕ. ಲಾರಿಯ ಮೇಲೆ ನಿಂತು ಬಂದವರಿಗೆಲ್ಲ ಬಂದೂಕು ಹಂಚಿದ. ಸೈಲಾನನನ್ನೂ ಕರೆದ. ಆ ದಿನ ಸೈಲಾನ ಮನೆಯೊಳಗೆ ಬಂದದ್ದು ಓಡಿಕೊಂಡೇ.

“ಎತ್ತಿ ನೋಡೇ, ಎಷ್ಟು ಭಾರ ಇದೆ!”

“ನಂಗ್ಯಾಕೆ? ಸೌದೆ ಎತ್ತಿ ಎತ್ತಿನೇ ಸೊಂಟ ಬಿದ್ದೋಗಿದೆ,” ಎಂದಳು ಗಾಲಿಯಾ. ಅವಳು ಜೋಳದ ಮುದ್ದೆ ತಿರುವುತ್ತಿದ್ದಳು.

“ಜುಬ್ರಾನ ಏನಂದ ಗೊತ್ತಾ? ‘ಸೈಲಾನ್ ಮಾವ, ಇನ್ಮೇಲೆ ತಾಸೆಯವನು, ಶೇಖು ಅಂತ ಭೇದ ಇಲ್ಲ. ನಾವೆಲ್ಲ ಅಣ್ಣತಮ್ಮಂದಿರು’ ಅಂದ. ಲಾರಿ ಮೇಲೆ ನಿಂತ್ಕೊಂಡು, ಎಲ್ರ ಎದುರಿಗೆ ಅಂದ ಕಣೇ!”

“ಅಂದ್ಮೇಲೆ ಲಾರಿ ಮೇಲೆ ಹತ್ತಿಸ್ಕೊಂಡ್ನಾ?”

“ಬರೀ ಕೊಂಕು ನಿಂದು.”

“ಕೊಂಕಲ್ಲ, ಹುಸ್ನಾಳ ಅಪ್ಪಾ. ನಿಮ್ಮಪ್ಪ ಸಾಯೋವರೆಗೂ ಕೈಲಿ ಒಂದು ದೊಣ್ಣೆ ಹಿಡೀಲಿಲ್ಲ. ಅದಕ್ಕೇ ಯಾರೂ ಅವರ ತಂಟೆಗೆ ಬರ್ಲಿಲ್ಲ.”

“ತಂಟೆಗೂ ಬರ್ಲಿಲ್ಲ, ಹತ್ರಕ್ಕೂ ಕರೀಲಿಲ್ಲ,” ಎಂದ ಸೈಲಾನ. ನಗು ಮುಖದಿಂದ ಇಳಿದಿತ್ತು. “ನಾನೇನು ಯಾರನ್ನಾದ್ರೂ ಕೊಲ್ಲೋಕೆ ಹೊರಟಿದ್ದೀನಾ? ನಮ್ಮ ಹುಸ್ನಾಳ ಮದುವೇಲಿ ಎರಡು ಗುಂಡು ಹಾರಿಸ್ತೀನಿ, ಅಷ್ಟೇ. ತಾಸೆ ಎಲ್ಲೂ ಹೋಗಲ್ಲ. ಅದೂ ಇರುತ್ತೆ, ಇದೂ ಇರುತ್ತೆ.”

ಅವರ ಮಗಳು ಹುಸ್ನಾಗೆ ಆಗ ಹದಿನೇಳು ನಡೆಯುತ್ತಿತ್ತು. ಮೂಲೆಯಲ್ಲಿ ಜೋಳ ಕೇರುತ್ತಿದ್ದವಳು ಅಪ್ಪನನ್ನು ನೋಡಿ ನಕ್ಕಳು. ಅಪ್ಪ ಅಷ್ಟು ಎದೆ ಸೆಟೆಸಿ ನಿಂತಿದ್ದನ್ನು ಅವಳು ಎಂದೂ ನೋಡಿರಲಿಲ್ಲ. ಗಾಲಿಯಾ ಮುದ್ದೆಯ ಕಡೆ ತಿರುಗಿದಳು. ನಿಜ ಹೇಳಬೇಕೆಂದರೆ ಅವಳಿಗೂ ಒಳಗೊಳಗೇ ಹಿಗ್ಗಾಗಿತ್ತು. ಅದೂ ಇರುತ್ತದೆ, ಇದೂ ಇರುತ್ತದೆ ಎಂಬುದನ್ನು ಅವಳೂ ಅರ್ಧ ನಂಬಿದಳು.

ಸಂತೆಯ ಬಯಲಿನಲ್ಲಿ ಕವಾಯತು ನಡೆಯಿತು. ಸಿನ್ವಾನಿನವರೂ ಹಜ್ರಾದವರೂ ಒಂದೇ ಸಾಲಿನಲ್ಲಿ ನಿಂತರು. ಸೈಲಾನನ ಒಂದು ಹೆಗಲಿಗೆ ತಾಸೆ, ಇನ್ನೊಂದಕ್ಕೆ ಬಂದೂಕು. ಹಜ್ರಾದ ಹಿರಿಯ ಹಮೂದ ಅವನನ್ನು ನೋಡಿ, “ಏನೋ ಸೈಲಾನ, ತಲೆ ಬೋಳಿಸೋದು ಬಿಟ್ಟು ತಲೆ ಹಾರಿಸೋಕೆ ಹೊರಟ್ಯಾ?” ಎಂದು ಕೂಗಿದ. ಎಲ್ಲರೂ ನಕ್ಕರು. ಸೈಲಾನನೂ ನಕ್ಕ. ಜುಬ್ರಾನ ಫೋನಿನಲ್ಲಿ ಒಬ್ಬೊಬ್ಬರದೂ ಫೋಟೊ ತೆಗೆದ. ಕೊನೆಗೆ ಎಲ್ಲರೂ ಗಾಳಿಯಲ್ಲಿ ಗುಂಡು ಹಾರಿಸಿದಾಗ ಸೈಲಾನನೂ ಹಾರಿಸಿದ. ಬಂದೂಕು ಒದ್ದ ಒದೆತಕ್ಕೆ ಹೆಗಲು ಕಂದಿಹೋಗಿತ್ತು. ಅದನ್ನು ಬಂದವರಿಗೆಲ್ಲ ತೋರಿಸಿಕೊಂಡು ತಿರುಗಿದ.

ಎರಡು ಚಳಿಗಾಲ ಹಾಗೇ ಕಳೆದವು. ಮೂರನೆಯದರಲ್ಲಿ ರಾಜಧಾನಿಯ ತಬ್ಬುಗೆ ಸಡಿಲಾಯಿತು. ಹಳೇ ಸೈನ್ಯದವರು ಹೋರಾಟಗಾರರ ಕಡೆಗೆ ಬಂದೂಕು ತಿರುಗಿಸಿದರು ಎಂದು ರೇಡಿಯೊ ಹೇಳಿತು; ಇಲ್ಲ, ಮೊದಲು ತಿರುಗಿಸಿದವರು ಹೋರಾಟಗಾರರು ಎಂದು ಇನ್ನೊಂದು ರೇಡಿಯೊ ಹೇಳಿತು. ಶೇಖ್ ಮುಜಲ್ಲಿ ಹಳೇ ಸೈನ್ಯದ ಕಡೆ ನಿಂತ. ಹಜ್ರಾದವರು ಹೋರಾಟಗಾರರ ಕಡೆ. ಗುರುವಾರ ಒಟ್ಟಿಗೆ ಕೂತು ಕಾತ್ ಎಲೆ ಜಗಿದವರು ಶನಿವಾರ ಮರಳಿನ ಮೂಟೆಗಳ ಹಿಂದೆ ಮಲಗಿ ಒಬ್ಬರಿಗೊಬ್ಬರು ಗುರಿ ಇಟ್ಟರು. ಹಿಂದಿನ ಜಗಳಗಳಲ್ಲಿ ಎಲ್ಲೋ ಒಂದೊಂದು ಗುಂಡು ಹಾರುತ್ತಿತ್ತು, ನಡುವೆ ಬೈಗುಳ ವಿನಿಮಯವಾಗುತ್ತಿತ್ತು. ಈಗ ಗೋದಾಮಿನ ಮಾಲು ಇತ್ತಲ್ಲ, ಬೈಯಲು ಪುರುಸೊತ್ತೇ ಇರಲಿಲ್ಲ. ಗಾಲಿಯಾಳ ಮನೆಯ ಗೋಡೆ ಅದುರಿ ಗಾರೆ ಉದುರಿತು.

“ಯಾಕಂತೆ? ಏನಾಯ್ತಂತೆ?” ಎಂದು ಅವಳು ಗಂಡನನ್ನು ಕೇಳಿದಳು.

“ರಾಜಧಾನೀಲಿ ದೊಡ್ಡೋರು ಮುನಿಸ್ಕೊಂಡ್ರಂತೆ.”

“ಅವ್ರು ಮುನಿಸ್ಕೊಂಡ್ರೆ ನನ್ನ ಮೆಣಸಿನ ಗಿಡದ ಮೇಲೆ ಯಾಕೆ ಗುಂಡು?”

ಸೈಲಾನ ಮರಳಿನ ಮೂಟೆಗಳ ಕಡೆ ಹೋಗಲೇ ಇಲ್ಲ. ಜುಬ್ರಾನ ಹೇಳಿ ಕಳಿಸಿದರೆ ಹೊಟ್ಟೆನೋವು ಎಂದ. ಬಂದೂಕು ಗೂಟಕ್ಕೆ ನೇತಾಡುತ್ತಿತ್ತು. ಹಜ್ರಾದ ಅರ್ಧ ಊರಿಗೆ ಸುನ್ನತಿ ಮಾಡಿದವನು ತಾನು, ಅವರಿಗೆ ಹೇಗೆ ಗುರಿಯಿಡಲಿ ಎಂದು ಹೆಂಡತಿಯ ಹತ್ತಿರ ಹೇಳಿ ಮಂಕಾಗಿ ಕುಳಿತ.

ಹೊಳೆಯ ಪಾತ್ರದಲ್ಲಿ ಹಜ್ರಾದ ರಾಜಿಹ ಎಂಬ ಹುಡುಗ ಗುಂಡು ತಗುಲಿ ಸತ್ತು ಬಿದ್ದ. ಎರಡು ದಿನವಾದರೂ ಅವನನ್ನು ಎತ್ತಲು ಯಾರಿಗೂ ಇಳಿಯಲಾಗಲಿಲ್ಲ. ನಾಯಿಗಳು ಓಡಾಡತೊಡಗಿದವು. ಆ ಕಡೆಯ ಮಾಳಿಗೆಯಿಂದ ತಾಯಿಯ ಕೂಗು ಈ ಕಡೆಗೆ ಕೇಳುತ್ತಿತ್ತು. ಶೇಖ್ ಮುಜಲ್ಲಿಗೆ ಅದನ್ನು ತಡೆಯಲಾಗಲಿಲ್ಲ. ಸೈಲಾನನನ್ನು ಕರೆಸಿದ.

“ಹೋಗಿ ಆ ಹುಡುಗನ್ನ ಅವ್ರ ತಾಯಿಗೆ ಒಪ್ಪಿಸ್ಬಿಟ್ಟು ಬಾರೋ. ಹೆಣದ ಜೊತೆ ನಮ್ಗೇನು ಜಗಳ?”

ಸೈಲಾನ ಮನೆಗೆ ಬಂದು ತಾಸೆ ಇಳಿಸಿ, ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿದ. ಅವನ ಮುಖದಲ್ಲಿ ಎಷ್ಟೋ ದಿನಗಳ ನಂತರ ಗೆಲುವು ಕಂಡಿತು. ತನ್ನ ಕೆಲಸ ಬಂದಿತ್ತು. ಮೀಸೆಗೆ ಎಣ್ಣೆ ಸವರಿಕೊಂಡ.

“ನಂಗ್ಯಾಕೋ ಹೆದ್ರಿಕೆ ಆಗ್ತಿದೆ,” ಎಂದಳು ಗಾಲಿಯಾ.

“ಬಂದೂಕು ಗೂಟದ ಮೇಲಿದೆ ನೋಡು. ತಾಸೆ ಮಾತ್ರ ತಗೊಂಡು ಹೋಗ್ತಿದ್ದೀನಿ. ನಮ್ಮನ್ನ ಯಾರು ಹೊಡೀತಾರೆ ಹೇಳು?” ಎಂದು ಅವಳ ತಲೆಯ ಮೇಲೆ ಮೆಲ್ಲಗೆ ಎರಡು ಏಟು ತಾಸೆ ಬಾರಿಸಿದ ಹಾಗೆ ಬಾರಿಸಿ ಹೊರಟ.

ಅವಳು ಮಾಳಿಗೆ ಹತ್ತಿದಳು, ಹುಸ್ನಾ ಜೊತೆಗೆ ಬಂದಳು. ಒಳ್ಳೆಯ ಬಿಸಿಲಿತ್ತು. ನಿಧಾನದ ಏಟು ಕೇಳಿಸಿತು, ಗುಂಡು ನಿಂತವು. ಸೈಲಾನ ಎತ್ತರದ ಆಳಾದ್ದರಿಂದ ಕಲ್ಲುಗಳ ನಡುವೆಯೂ ಚೆನ್ನಾಗಿ ಕಾಣುತ್ತಿದ್ದ. ರಾಜಿಹನ ಹತ್ತಿರ ಹೋಗಿ ಬಾರಿಸುವುದನ್ನು ನಿಲ್ಲಿಸಿ ಬಗ್ಗಿದ. ಆಗ ಒಂದು ಸದ್ದಾಯಿತು. ಸೈಲಾನ ಕೂತುಬಿಟ್ಟ. ತಾಸೆಯ ಹಗ್ಗ ಕಿತ್ತುಹೋಯಿತೇನೋ, ಕಟ್ಟಿಕೊಳ್ಳಲು ಕೂತಿದ್ದಾನೆ ಎಂದುಕೊಂಡಳು ಗಾಲಿಯಾ. ನಿಜಕ್ಕೂ ಹಾಗೇ ಅಂದುಕೊಂಡಳು. ಅವನು ಒಂದು ಕೈ ಮೇಲಕ್ಕೆತ್ತಿದ. ಇನ್ನೊಂದು ಸದ್ದಾಯಿತು. ಕೈ ಬಿತ್ತು.

“ಅಮ್ಮಾ,” ಎಂದಳು ಹುಸ್ನಾ. “ಅಮ್ಮಾ, ಅಪ್ಪನಿಗೆ ಹೊಡೆದ್ರು.”

“ಇಲ್ಲ,” ಎಂದಳು ಗಾಲಿಯಾ. “ಅವ್ರಿಗೆ ಯಾರೂ ಹೊಡೆಯಲ್ಲ.”

ಎರಡೂ ಊರು ಸ್ತಬ್ಧವಾದವು. ಸಿನ್ವಾನಿನವರು ತಿರುಗಿ ಹೊಡೆಯಲಿಲ್ಲ, ಹಜ್ರಾದವರು ಗೆದ್ದೆವೆಂದು ಕೂಗಲಿಲ್ಲ. ಇಂಥದ್ದನ್ನು ಈ ಕಣಿವೆಯ ಅಜ್ಜಂದಿರೂ ಕಂಡಿರಲಿಲ್ಲ. ಕಂಡಿರದ ಕೆಲಸ ನಡೆದಾಗ ಮುಂದೇನು ಮಾಡಬೇಕೆಂಬುದೇ ಯಾರಿಗೂ ತೋಚಲಿಲ್ಲ. ಹೆಣಗಳನ್ನು ತರಲು ಹೋಗಬೇಕಾದವನೇ ಅಲ್ಲಿ ಬಿದ್ದಿದ್ದ. ಕಣಿವೆಯ ಬೇರೆ ಊರುಗಳಲ್ಲಿ ತಾಸೆಯವರಿದ್ದರು, ಆದರೆ ಅವರಿಗೂ ಜುಬ್ರಾನ ಬಂದೂಕು ಕೊಟ್ಟಿದ್ದ.

ಗಾಲಿಯಾ ಕೆಳಗಿಳಿದು ಕಂಬಳಿ ತೆಗೆದುಕೊಂಡಳು. ಕರೆಯದಿದ್ದರೂ ನಾಲ್ಕಾರು ಹೆಂಗಸರು ಜೊತೆಗೆ ಬಂದರು. ಎದುರು ದಿಬ್ಬದಿಂದಲೂ ಹೆಂಗಸರು ಇಳಿದರು. ಹೊಳೆಯ ಪಾತ್ರದಲ್ಲಿ ರಾಜಿಹನ ತಾಯಿ ಗಾಲಿಯಾಳನ್ನು ನೋಡಿದಳು. ಅವಳ ಹಿರಿಸೊಸೆಯ ಕೈಗೆ ಮದರಂಗಿ ಹಚ್ಚಿದವಳು ಗಾಲಿಯಾಳೇ.

“ನಮ್ಮೋರೇ ಹೊಡೆದ್ರು, ಗಾಲಿಯಾ. ನನ್ನ ಮಗನ್ನ ಎತ್ತೋಕೆ ಬಂದೋನ್ನ ನಮ್ಮೋರೇ ಹೊಡೆದ್ರು,” ಎಂದು ಅವಳು ಎದೆ ಬಡಿದುಕೊಂಡಳು.

ದಿಬ್ಬದ ಮೇಲಿನಿಂದ ಹಜ್ರಾದ ಮುದುಕ ಹಮೂದನ ದನಿ ಕೇಳಿಸಿತು. “ತಂಗೀ! ಹುಡುಗ್ರು ಕವಾಯತಲ್ಲಿ ಅವನನ್ನ ಬಂದೂಕಿನ ಜೊತೆ ನೋಡಿದ್ರು. ಬಗ್ಗಿದ್ದು ನೋಡಿ ರಾಜಿಹನ ಬಂದೂಕು ಎತ್ಕೊಳ್ತಾನೆ ಅಂತ...”

ಗಾಲಿಯಾ ತಲೆ ಎತ್ತಲಿಲ್ಲ. ಸೈಲಾನನ ಕೈಯಲ್ಲಿ ಇದ್ದದ್ದು ರಾಜಿಹನ ತಲೆವಸ್ತ್ರ. ನಾಯಿ ಎಳೆದಾಡಿದ್ದ ಅದನ್ನು ಹುಡುಗನ ಮುಖಕ್ಕೆ ಹೊದಿಸಲು ಬಗ್ಗಿದ್ದ.

ಸೈಲಾನನನ್ನು ಮಣ್ಣು ಮಾಡಿದರು. ಗಾಲಿಯಾ ಅಳಲಿಲ್ಲ. ಕಾದಳು. ಹಜ್ರಾದವರು ಎತ್ತು ತರಲೇಬೇಕು, ಬಾಗಿಲಲ್ಲಿ ನಿಂತು ತಪ್ಪಾಯಿತು ಎನ್ನಲೇಬೇಕು, ಆಮೇಲೆ ಅಳುತ್ತೇನೆ ಎಂದುಕೊಂಡಳು. ಅದಿಲ್ಲದೆ ಹೋದರೆ ಅವಳ ಗಂಡ ಏನಾಗಿ ಸತ್ತ? ಅವಳ ತಮ್ಮ, ತಮ್ಮನ ಮಕ್ಕಳು, ಈ ಕಣಿವೆಯಲ್ಲಿ ತಾಸೆ ಹಿಡಿದವರೆಲ್ಲ ಇನ್ನು ಯಾರ ರಕ್ಷಣೆಯಲ್ಲಿ ಬದುಕಬೇಕು?

ಎತ್ತು ಬರಲಿಲ್ಲ. ಬದಲಿಗೆ ರಾಜಧಾನಿಯ ಸುದ್ದಿ ಬಂತು: ಹಳೇ ಸೈನ್ಯದವರು ಸೋತರು. ಶೇಖ್ ಮುಜಲ್ಲಿ ಒಂದು ರಾತ್ರಿ ಕಳೆಯುವುದರಲ್ಲಿ ಗೆದ್ದವರ ಕಡೆಗೆ ವಾಲಿದ. ಹಜ್ರಾದವರು ಮತ್ತೆ ಅಣ್ಣತಮ್ಮಂದಿರಾದರು. ಮರಳಿನ ಮೂಟೆ ಬಿಚ್ಚಿ ಮರಳನ್ನು ಹೊಳೆಗೆ ಸುರಿದರು. ರಾಜಿಯ ಪಂಚಾಯಿತಿ ಶೇಖ್‌ನ ಮನೆಯ ಮೇಲುಮಹಡಿಯ ಕೋಣೆಯಲ್ಲಿ ಸೇರಿತು. ತೀರ್ಮಾನ ಕೇಳಲು ಗಾಲಿಯಾಳನ್ನೂ ಕರೆಸಿದರು. ಅವಳು ಮಗಳನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತಳು.

ಶೇಖ್ ಬಹಳ ಮೆತ್ತಗೆ ಮಾತಾಡಿದ. “ಗಾಲಿಯಾ, ತಂಗಿ, ಕೂತ್ಕೋ. ನಾವು ಎರಡೂ ಊರಿನೋರು ಯೋಚನೆ ಮಾಡಿದ್ವಿ. ಸೈಲಾನ ನಮ್ಮ ಪಡೆಯ ಆಳು. ಬಂದೂಕು ಹಿಡಿದ ಗಂಡಸು. ಅವನನ್ನ ಇನ್ಮೇಲೆ ನಾವು ಕಬೀಲಿ ಅಂತಲೇ ಲೆಕ್ಕ ಇಟ್ಕೊಳ್ತೀವಿ. ಅವ್ರ ಕಡೆ ಒಬ್ಬ ಕಬೀಲಿ ಹೋದ, ರಾಜಿಹ. ನಮ್ಮ ಕಡೆ ಒಬ್ಬ ಕಬೀಲಿ ಹೋದ, ಸೈಲಾನ. ಅದಕ್ಕೂ ಇದಕ್ಕೂ ಸರಿಹೋಯ್ತು.”

ಗಾಲಿಯಾಗೆ ಮೊದಲು ಅರ್ಥವೇ ಆಗಲಿಲ್ಲ. “ಎತ್ತು?” ಎಂದಳು.

“ಎತ್ತು ಕುಯ್ಯೋದು ತಾಸೆಯವನನ್ನ ಕೊಂದ್ರೆ. ಯುದ್ಧದಲ್ಲಿ ಸತ್ತ ಕಬೀಲಿಗೆ ಯಾರೂ ಎತ್ತು ಕುಯ್ಯಲ್ಲ ತಂಗಿ. ಇದು ನಿಮ್ಮ ಮನೆತನಕ್ಕೆ ಸಿಕ್ಕ ಮರ್ಯಾದೆ.”

ಜುಬ್ರಾನ ಎದ್ದು ಬಂದು ಒಂದು ದೊಡ್ಡ ಕಾಗದ ಬಿಡಿಸಿ ಹಿಡಿದ. ಹುತಾತ್ಮರ ಚಿತ್ರ ಅಚ್ಚು ಹಾಕಿಸಿ ಗೋಡೆಗೆ ಅಂಟಿಸುತ್ತಾರಲ್ಲ, ಅದು. ಕವಾಯತಿನ ದಿನದ ಸೈಲಾನ, ಹೆಗಲಲ್ಲಿ ಬಂದೂಕು. ಇನ್ನೊಂದು ಹೆಗಲನ್ನು ತಾಸೆಯ ಸಮೇತ ಕತ್ತರಿಸಿ ತೆಗೆದಿದ್ದರು.

“ಸಂತೆ ಬಾಗಿಲಲ್ಲೇ ಅಂಟಿಸ್ತೀವಿ, ಗಾಲಿಯಾ ಅತ್ತೆ,” ಎಂದ ಜುಬ್ರಾನ. ಪಾಪ, ಅವನ ಕಣ್ಣಲ್ಲಿ ನೀರಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ಭಯಂಕರ.

ಈಗ ಗಾಲಿಯಾಗೆ ಅರ್ಥವಾಯಿತು. ಬದುಕಿದ್ದಾಗ ಎಂದೂ ಕೊಡದ್ದನ್ನು ಸೈಲಾನನ ಹೆಣಕ್ಕೆ ಉಡಿಸಿ, ಅದರಲ್ಲೇ ತಮ್ಮ ತಪ್ಪನ್ನು ಸುತ್ತಿ ಹೂಳುತ್ತಿದ್ದರು. ಇಷ್ಟು ದೊಡ್ಡ ಮನುಷ್ಯರು, ಗಡ್ಡ ನೆರೆತವರು, ಅವಳ ಗಂಡನ ಕೈಗೆ ತಲೆ ಕೊಟ್ಟು ಕೂತವರು! ಅವಳು ಮಗಳ ಕೈ ಹಿಡಿದು ಒಂದು ಹೆಜ್ಜೆ ಒಳಗಿಟ್ಟಳು.

“ಅವ್ರು ಕಬೀಲಿನಾ, ಯಜಮಾನ್ರೇ?”

“ಹೌದಮ್ಮ.”

“ಈ ಮಾತು ಗಟ್ಟೀನಾ?”

“ಎರಡೂರಿನ ಎದುರಿಗೆ ಹೇಳ್ತಿದ್ದೀನಲ್ಲ.”

“ಹಾಗಾದ್ರೆ ಇವಳು ಕಬೀಲಿ ಮಗಳು. ಹತ್ತೊಂಬತ್ತು ವರ್ಷ. ಕೆಲ್ಸ ಬೊಗ್ಸೆ ಎಲ್ಲ ಬರುತ್ತೆ. ನಿಮ್ಮ ಜುಬ್ರಾನನಿಗೆ ತಂದ್ಕೊಳ್ಳಿ.”

ಯಾರದೋ ಕೈಯಲ್ಲಿದ್ದ ಕಾತ್ ಎಲೆಯ ಕಟ್ಟು ಹಾಗೇ ನಿಂತಿತು. ಜುಬ್ರಾನ ಅಪ್ಪನ ಕಡೆ ನೋಡಿದ. ಅಪ್ಪ ನೆಲ ನೋಡಿದ.

“ಅದು ಬೇರೆ ಮಾತು, ತಂಗಿ,” ಎಂದ ಶೇಖ್.

“ಬೇರೆ ಹೇಗಾಗುತ್ತೆ? ಕಬೀಲಿ ಆದ್ರೆ ಮಗಳನ್ನ ತಂದ್ಕೊಳ್ಳಿ. ತಾಸೆಯವರಾದ್ರೆ ಎತ್ತು ತನ್ನಿ. ಎರಡರಲ್ಲಿ ಒಂದು ಹೇಳಿ, ನಾನು ಬಾಯಿ ಮುಚ್ಕೊಂಡು ಮನೆಗೆ ಹೋಗ್ತೀನಿ.”

ಯಾರೂ ಒಂದನ್ನೂ ಹೇಳಲಿಲ್ಲ. ಹಮೂದ ತಲೆವಸ್ತ್ರದ ತುದಿಯಿಂದ ಮುಖ ಮುಚ್ಚಿಕೊಂಡ. ಸುಮ್ಮನಿರುವುದರಲ್ಲಿ ಎರಡು ಊರೂ ಒಂದಾಗಿದ್ದವು. ಕೊನೆಗೆ ಶೇಖ್ ಒಂದು ಸಲ ಕೆಮ್ಮಿ, “ಪಂಚಾಯಿತಿ ಮುಗೀತು, ಮನೆಗೆ ಹೋಗಮ್ಮ” ಎಂದ.

ತಾಯಿ ಮಗಳು ಹೊಲಗಳ ಅಂಚಿನ ಕಾಲುದಾರಿ ಹಿಡಿದರು.

“ಅಮ್ಮಾ, ಅವ್ರು ಹೂಂ ಅಂದ್ಬಿಟ್ಟಿದ್ರೆ ಏನ್ ಮಾಡ್ತಿದ್ದೆ?”

“ಅನ್ನಲ್ಲ ಅಂತ ನಂಗೆ ಗೊತ್ತಿತ್ತು ಕಣೇ.”

“ನಿಂಗೆ ಗೊತ್ತಿತ್ತು,” ಎಂದಳು ಹುಸ್ನಾ. “ಅಪ್ಪನಿಗೆ ಗೊತ್ತಿರ್ಲಿಲ್ಲ.”

ಗಾಲಿಯಾ ನಿಂತಳು. ಆಮೇಲೆ ಅಲ್ಲೇ ಅಂಚಿನ ಕಲ್ಲಿನ ಮೇಲೆ ಕುಸಿದು ಕೂತು, ಅಷ್ಟು ದಿನ ತಡೆದಿಟ್ಟುಕೊಂಡಿದ್ದ ಅಳುವನ್ನು ಎರಡೂ ಊರಿಗೆ ಕೇಳುವಂತೆ ಅತ್ತಳು.